ಅಣ್ಣನ ಕಿವಿಯ ಪರೀಕ್ಷೆ

ಗೆಳೆಯರೇ, ಇವತ್ತು ಸೇಡಂನ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ಅಣ್ಣನ ದೂರಿನ ವಿಚಾರಣೆ ಇತ್ತು. ಅಣ್ಣ ಅಲ್ಲಿ ಜವಾನ, ಕಿವಿ ಕೇಳುವುದಿಲ್ಲ. ಅವನನ್ನು ಫೋನ್ ಎತ್ತುವ ಕೆಲಸಕ್ಕೆ ಹಾಕಿ, ಎತ್ತಲಿಲ್ಲವೆಂದು ನೋಟಿಸ್ ಕೊಟ್ಟಿದ್ದರು; ಅದರ ವಿರುದ್ಧವೇ ಅವನ ದೂರು. ಕೈಸನ್ನೆಯಲ್ಲಿ ಅವನಿಗೆ ಮಾತು ತಿಳಿಸಲು ನಾನು ಹೋಗಿದ್ದೆ.

ವಿಚಾರಣೆ ನಡೆಸುತ್ತಿದ್ದ ಸಾಹೇಬರು ಮೆಲ್ಲಗೆ ಎದ್ದು, ಅಣ್ಣನ ಬೆನ್ನ ಹಿಂದೆ ಸ್ಟೀಲ್ ಗ್ಲಾಸ್ ಬೀಳಿಸಿದರು. ಎದುರಿಗಿದ್ದ ನಾವೆಲ್ಲ ಬೆಚ್ಚಿ ಅತ್ತ ನೋಡಿದೆವು. ನಮ್ಮನ್ನು ನೋಡಿ ಅಣ್ಣನೂ ತಿರುಗಿದ.

"ಕೇಳ್ತದ ನೋಡ್ರಿ ಇವಂಗ. ನಾಟಕ ಮಾಡಾಕತ್ತಾನ. ನೌಕರಿ ಹೋಗ್ತದಂತ ಹೇಳು ನಿಮ್ಮಣ್ಣಗ."

"ನಾವು ನೋಡಿದ್ದಕ್ಕ ಅಂವ ನೋಡ್ಯಾನ್ರಿ ಸಾಹೇಬ್ರ," ಅಂದೆ.

"ಹೇಳಿದಷ್ಟು ಹೇಳು."

ಹೇಳಿದೆ. ಅಣ್ಣ ಸನ್ನೆಯಲ್ಲೇ ಕೇಳಿದ: "ನನಗ ಕೇಳ್ತದಂದ್ರ, ನಿನಗ್ಯಾಕ ಹೇಳಾಕತ್ತಾರ?"

ಅದನ್ನು ಸಾಹೇಬರಿಗೆ ಗಟ್ಟಿಯಾಗಿಯೇ ಹೇಳಿದೆ. ಅವರಿಗೆ ಕೇಳಿಸಲಿಲ್ಲ.