ಎಲ್ಲರ ಪೆಟ್ಟಿಗೆಯಲ್ಲೂ ಅಕ್ಕನ ನಂಬರು

ಹೋದ ತಿಂಗಳು ನಮ್ಮ ಯಜಮಾನರ ಅಂಗೈಗೆ ಗಾಜು ತಗಲಿ ಆಳವಾಗಿ ಕೊಯ್ದಿತು. ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿಗೆ ಓಡಿದೆವು. ಹೊಲಿಗೆ ಹಾಕುವ ಮುಂಚೆ ನರ್ಸ್ ದಾರದ ಪೊಟ್ಟಣದ ಎರಡು ತುದಿ ಹಿಡಿದು ಬಿಡಿಸಿದಳು. ಚರ್ರ್... ಒಂದು ಕಡೆ ಕಾಗದ, ಒಂದು ಕಡೆ ಪ್ಲಾಸ್ಟಿಕ್ಕು. ಇವರು ನೋವಿಗೆ ಹಲ್ಲು ಕಚ್ಚಿ ಕೂತಿದ್ದರೆ ನಾನು ಆ ಖಾಲಿ ಪೊಟ್ಟಣವನ್ನೇ ನೋಡುತ್ತ ನಿಂತಿದ್ದೆ. ಇಷ್ಟು ವರ್ಷವಾದರೂ ಆ ಸದ್ದು ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ.

ಮದುವೆಗೆ ಮುಂಚೆ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಚಿಕ್ಕ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಸೂಜಿ ಸಮೇತ ದಾರವನ್ನು ಪೊಟ್ಟಣಕ್ಕೆ ಹಾಕಿ, ಅದರ ಬಾಯಿಯನ್ನು ಬಿಸಿ ಪಟ್ಟಿಯಡಿ ಒತ್ತಿ ಅಂಟಿಸಿ, ಲೇಬಲ್ ಹಚ್ಚಿ ಪೆಟ್ಟಿಗೆಗೆ ತುಂಬಬೇಕು. ಆಮೇಲೆ ಪೆಟ್ಟಿಗೆಗಳು ಕ್ರಿಮಿ ಕೊಲ್ಲುವ ಗ್ಯಾಸಿನ ಕೋಣೆಗೆ ಹೋಗುತ್ತಿದ್ದವು. ಅಂಟು ಒಂದು ಮೂಲೆಯಲ್ಲಿ ಬಿಟ್ಟುಕೊಂಡರೂ ಸಾಕು, ಆ ದಾರವನ್ನು ಯಾರ ಮೈಗೂ ಹಾಕುವಂತಿಲ್ಲ.

ಅಲ್ಲಿ ನಮಗೆಲ್ಲ ಹಿರಿಯರಾಗಿ ಒಬ್ಬರು ಅಕ್ಕ ಇದ್ದರು. ಕುರುಬರಹಳ್ಳಿಯಿಂದ ನಡೆದೇ ಬರುತ್ತಿದ್ದರು. ಬಳೆ ಬಿಚ್ಚಿ, ಮುಡಿದ ಹೂವು ತೆಗೆದು ಟಿಫನ್ ಬಾಕ್ಸಿನ ಮುಚ್ಚಳದಲ್ಲಿಟ್ಟು ಒಳಗೆ ಬರುತ್ತಿದ್ದರು. ನನ್ನ ಟೋಪಿಯಿಂದ ಕೂದಲು ಇಣುಕಿದರೆ ತಾವೇ ಒಳಗೆ ತುರುಕಿ ತಲೆಗೊಂದು ಮೊಟಕುತ್ತಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾಗ, ಹಾಡು ಹೇಳು ಅಂತ ಅವರು ಕೇಳಿದರೆ, ಹಾಡು ಬೇಡ, ಪೊಟ್ಟಣ ಅಂಟಿಸಿ ತೋರಿಸ್ತೀನಿ ಅನ್ನು ಎಂದು ನಗಿಸಿದ್ದರು. ಆ ನಗು...

ಯಾರು ಅಂಟಿಸಿದ್ದು ಎಂದು ತಿಳಿಯಲು ಪ್ರತಿ ಪೆಟ್ಟಿಗೆಯಲ್ಲೂ ನಮ್ಮ ನಮ್ಮ ನಂಬರಿನ ಚೀಟಿ ಇಡುತ್ತಿದ್ದೆವು. ಅಕ್ಕನದು ಏಳು. ಮಾಲು ಕೊಳ್ಳುವವರ ಕಡೆಯಿಂದ ಪರೀಕ್ಷೆಗೆ ಬರುತ್ತಿದ್ದವರು ಏಳು ಎಂದು ಕಂಡರೆ ತೆರೆದೂ ನೋಡದೆ ಪಾಸು ಮಾಡುತ್ತಿದ್ದರು. ಇದು ಮ್ಯಾನೇಜರನ ಕಣ್ಣಿಗೆ ಬಿತ್ತು. ಮರುವಾರದಿಂದ ಎಲ್ಲರ ಪೆಟ್ಟಿಗೆಗೂ ಏಳರ ಚೀಟಿ! ನಿನ್ನೆ ಸೇರಿದ ಹುಡುಗಿಯ ಪೆಟ್ಟಿಗೆಗೂ ಅದೇ. ಅವನೇ ಮೇಜಿಂದ ಮೇಜಿಗೆ ಹೋಗಿ ಹಂಚಿದ. ಪಾಪ, ಅಕ್ಕನಿಗೆ ಮೊದಮೊದಲು ಹೆಮ್ಮೆಯೇ ಆಗಿತ್ತು.

ಒಂದು ದಿನ ಯಾವುದೋ ಆಸ್ಪತ್ರೆಯಿಂದ ಒಂದು ಪೊಟ್ಟಣ ವಾಪಸು ಬಂತು. ಮೂಲೆ ಬಿಟ್ಟುಕೊಂಡಿತ್ತು. ಬಳಸುವ ಮುಂಚೆಯೇ ಅಲ್ಲಿಯವರು ನೋಡಿದ್ದರು, ಪುಣ್ಯ. ಪೆಟ್ಟಿಗೆಯ ಚೀಟಿ ಏಳು. ಮಾಲೀಕರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು, ಇದು ನೀವು ಅಂಟಿಸಿದ್ದೇನಮ್ಮಾ ಎಂದು ಅಕ್ಕನನ್ನು ಕೇಳಿದರು.

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೇಳಕ್ಕಾಗ್ತಾ ಇಲ್ಲ ಸಾರ್. ನಂದೂ ಇರಬಹುದು."

ಅಷ್ಟೇ ಸಾಕಾಯಿತು, ತಪ್ಪೊಪ್ಪಿಕೊಂಡಳು ಎಂದುಬಿಟ್ಟರು. ನಮಗೆ ತಡೆಯಲಾಗಲಿಲ್ಲ. ಎಲ್ಲರ ಪೆಟ್ಟಿಗೆಗೂ ಅಕ್ಕನ ಚೀಟಿಯನ್ನೇ ಹಾಕುತ್ತೇವೆ ಎಂದು ನಾನು, ಇನ್ನಿಬ್ಬರು ಬಾಯಿಬಿಟ್ಟು ಹೇಳಿದೆವು. ಆಗ ಆ ಮ್ಯಾನೇಜರ್ ಏನಂದ ಗೊತ್ತೇ?

"ಹಂಗೆ ಹಾಕಿ ಅಂತ ನಿಮಗೆ ಯಾರ್ರೀ ಹೇಳಿದ್ದು?"

ಕಣ್ಣು ಸಹ ಮಿಟುಕಿಸಲಿಲ್ಲ. ಅವನ ಬಾಯಿಗೆ ಮಣ್ಣು ಹಾಕ! ಮಧ್ಯಾಹ್ನದ ಊಟಕ್ಕೂ ನಿಲ್ಲಿಸದೆ ಅಕ್ಕನನ್ನು ಮನೆಗೆ ಕಳಿಸಿದರು. ಹೂವನ್ನು ಮುಡಿಯದೆ ಕೈಯಲ್ಲೇ ಹಿಡಿದು ಹೋದರು. ಮುಂದಿನ ವಾರ ಅವನು ಇನ್ನೊಬ್ಬಳ ನಂಬರನ್ನು ಎಲ್ಲರಿಗೂ ಹಂಚಲು ಬಂದ. ನಾನು ಆ ಚೀಟಿ ಮುಟ್ಟಲಿಲ್ಲ, ಏಪ್ರನ್ ಬಿಚ್ಚಿಟ್ಟು ಬಂದೆ. ಆಮೇಲೆ ಮದುವೆ, ಬೇರೆ ಮನೆ, ಬೇರೆ ಕಡೆ...

ಮೊನ್ನೆ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಲ್ಲಿ ಅಕ್ಕನ ಮಗಳು ಸಿಕ್ಕಿದಳು. ಗುರುತು ಹಿಡಿದು ಅವಳೇ ಮಾತಾಡಿಸಿದಳು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ನನಗೆ ನಿಂತಲ್ಲೇ ಕಣ್ಣು ತುಂಬಿತು. ಅವಳು ನನ್ನ ಕೈ ಹಿಡಿದುಕೊಂಡಳು.

"ಕೊನೇವರೆಗೂ ಅದನ್ನೇ ಕೇಳ್ತಾ ಇದ್ರು ಆಂಟಿ, ಅದು ನಂದೇ ಇತ್ತೇನೋ ಅಂತ. ನಿಮಗೆ ಗೊತ್ತಿರುತ್ತಲ್ವಾ? ಅದು ಅಮ್ಮಂದಾ?"

ಹೌದೋ ಅಲ್ಲವೋ ಎಂಬುದು ಯಾರಿಗೂ, ಯಾವತ್ತಿಗೂ ಗೊತ್ತಾಗದಂತೆ ಮಾಡಿಟ್ಟಿದ್ದ ಆ ಪಾಪಿ.