ಮೇಡಂಗೆ ಸಾಕಾಗುವ ಕ್ಯಾಮೆರಾ

ಆ ಕ್ಯಾಮೆರಾ ಅಂಗಡಿಯ ಮುಂದೆ ಇವತ್ತಿಗೂ ನಾನು ಹಾಯುವುದಿಲ್ಲ. ದಾವಣಗೆರೆಗೆ ಹೋದಾಗ ಪಕ್ಕದ ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತೇನೆ. ಹೆದರಿಕೆಗಲ್ಲ, ನೋಡಿದರೆ ಮತ್ತೆ ಮೈ ಉರಿಯುತ್ತದೆ ಅಂತ.

ನಮ್ಮಪ್ಪನಿಗೆ ಹೊನ್ನಾಳಿಯಲ್ಲಿ ಸ್ಟುಡಿಯೋ ಇತ್ತು. ಫೋಟೋ ತೆಗೆಯುವುದನ್ನು ನಾನು ಕಲಿತದ್ದು ಅಲ್ಲೇ. ಅಪ್ಪ ತೀರಿಕೊಂಡ ಮೇಲೆ ಅವರ ಲೆನ್ಸುಗಳು ಮತ್ತು ಅವರು ಕೊನೆಗಾಲದಲ್ಲಿ ಕೊಂಡಿದ್ದ ಡಿಜಿಟಲ್ ಕ್ಯಾಮೆರಾ ಚನ್ನಗಿರಿಗೆ, ನನ್ನ ಗಂಡನ ಮನೆಗೆ ಬಂದವು. ನಮ್ಮ ಮನೆಯವರದು ಅಡಿಕೆ ವ್ಯಾಪಾರ. ನಾನು ಕ್ಯಾಮೆರಾ ಹಿಡಿದು ಹೊರಟಾಗ ಅವರು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಬಸುರಿಗೆ ಮಾಡುವ ಕುಬಸ, ಮಗುವಿನ ತೊಟ್ಟಿಲು, ಅರಿಶಿಣದ ಶಾಸ್ತ್ರ, ಹೀಗೆ ಹೆಂಗಸರೇ ಸೇರುವ ಕಾರ್ಯಗಳಿಗೆ ನನ್ನನ್ನು ಕರೆಯುತ್ತಿದ್ದರು. ಒಳಮನೆಯಲ್ಲಿ ಗಂಡಸು ಫೋಟೋದವನು ಬಂದು ನಿಂತರೆ ಎಲ್ಲರೂ ಸೆರಗು ಸರಿಮಾಡಿಕೊಂಡು ಕಲ್ಲಾಗುತ್ತಾರೆ. ನಾನಿದ್ದರೆ ನಗುತ್ತಾರೆ, ಒಬ್ಬರನ್ನೊಬ್ಬರು ಛೇಡಿಸುತ್ತಾರೆ.

ನ್ಯಾಮತಿಯಲ್ಲಿ ಒಂದು ಅರಿಶಿಣದ ಕಾರ್ಯದ ನಡುವೆ ಅಪ್ಪನ ಕ್ಯಾಮೆರಾ ನಿಂತುಹೋಯಿತು. ಶಟರ್ ಒಡೆದಿತ್ತು. ರಿಪೇರಿಯವರು ಇದರ ಪಾರ್ಟ್ ಈಗ ಸಿಗುವುದಿಲ್ಲ ಅಂದರು. ಹೊಸ ಬಾಡಿ ತೆಗೆದುಕೊಳ್ಳಲೇಬೇಕಾಯಿತು. ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ.

ಬೇರೆ ಕಂಪನಿಯದು ಕೊಳ್ಳುವ ಮಾತೇ ಇರಲಿಲ್ಲ. ಅಪ್ಪನ ಲೆನ್ಸುಗಳು ಕೂರುವುದು ಆ ಒಂದು ಕಂಪನಿಯ ಬಾಡಿಗೆ ಮಾತ್ರ. ಆದರೆ ಅದೇ ಕಂಪನಿ ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ಮಾಡೆಲ್‌ಗಳನ್ನು ಮಾಡುತ್ತದೆ. ಎಲ್ಲವೂ ಕಪ್ಪಗೆ, ಎಲ್ಲದರ ಮೇಲೂ ಅದೇ ಹೆಸರು. ವ್ಯತ್ಯಾಸ ಒಳಗಿದೆ. ಅಪ್ಪನಂಥ ಹಳೆಯ ಲೆನ್ಸಿನಲ್ಲಿ ಮೋಟರ್ ಇರುವುದಿಲ್ಲ. ಬಾಡಿಯೊಳಗಿನ ಮೋಟರ್ ಅದನ್ನು ತಿರುಗಿಸಿ ಫೋಕಸ್ ಮಾಡಬೇಕು. ಕೆಳಗಿನ ಮಾಡೆಲ್‌ಗಳಲ್ಲಿ ಕಂಪನಿಯವರು ಆ ಮೋಟರನ್ನೇ ಕೈಬಿಟ್ಟಿದ್ದಾರೆ. ಮಧ್ಯದ ಮಾಡೆಲ್‌ನಿಂದ ಮೇಲಕ್ಕೆ ಇದೆ. ನನಗೆ ಬೇಕಾದದ್ದು ಆ ಮಧ್ಯದ್ದು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಓದಿ ಓದಿ, ಅದರ ನಂಬರನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಅಡಿಕೆ ಸುಗ್ಗಿ. ನಮ್ಮ ಮನೆಯವರಿಗೆ ಪುರುಸೊತ್ತಿರಲಿಲ್ಲ. ಮೈದುನನನ್ನು ಜೊತೆಗೆ ಕಳಿಸಿದರು. ಅವನಿಗೆ ಟ್ರ್ಯಾಕ್ಟರ್ ಗೊತ್ತು, ಬೈಕ್ ಗೊತ್ತು, ಕ್ಯಾಮೆರಾದ ಹಿಂದುಮುಂದು ಗೊತ್ತಿಲ್ಲ.

ದಾವಣಗೆರೆಯ ಆ ಅಂಗಡಿಯಲ್ಲಿ ನಾನು ಮಾಡೆಲ್ ನಂಬರ್ ಹೇಳಿದೆ. ಸೇಲ್ಸ್‌ನವನು ನನ್ನನ್ನು ದಾಟಿ ಮೈದುನನನ್ನು ನೋಡಿ, “ಏನಕ್ಕೆ ಸರ್, ಮನೆ ಉಪಯೋಗಕ್ಕಾ?” ಅಂದ.

“ನನಗೆ. ಫಂಕ್ಷನ್ ಫೋಟೋ ತೆಗೆಯಾಕೆ,” ಅಂದೆ ನಾನು.

“ಹಂಗಾದ್ರೆ ಅದು ಬ್ಯಾಡ ಸರ್, ಭಾರ ಐತೆ. ಇದು ನೋಡ್ರಿ, ಹಗುರ. ಅದೇ ಕಂಪನಿ. ಮೇಡಂಗೆ ಇದೇ ಸಾಕು.” ಕೆಳಗಿನ ಮಾಡೆಲ್ ಅನ್ನು ಮೈದುನನ ಕೈಗೆ ಕೊಟ್ಟ.

“ಇದರೊಳಗೆ ಮೋಟರ್ ಐತಾ? ನನ್ನ ಲೆನ್ಸ್ ಹಳೇವು. ಮೋಟರ್ ಇರದಿದ್ರೆ ಫೋಕಸ್ ಆಗಲ್ಲ.”

“ಎಲ್ಲದ್ರಾಗೂ ಇರ್ತತೆ ಮೇಡಂ,” ಅಂದು ಅವನು ನಕ್ಕ. “ಒಂದೇ ಕಂಪನಿ ಅಂದಮ್ಯಾಲೆ ಒಂದ್ರಾಗೆ ಇದ್ದು ಒಂದ್ರಾಗೆ ಇರಲ್ಲ ಅಂತ ಹೆಂಗೆ?”

ಲೆನ್ಸ್ ಬ್ಯಾಗಿನಲ್ಲೇ ಇತ್ತು. ಹಾಕಿ ನೋಡುತ್ತೇನೆ ಅಂದೆ. ಬ್ಯಾಟರಿ ಚಾರ್ಜ್ ಆಗಿಲ್ಲ, ನೋಡಿದರೂ ಏನೂ ಗೊತ್ತಾಗುವುದಿಲ್ಲ ಅಂದ. ಇನ್ನೊಂದು ಬ್ಯಾಟರಿ ತನ್ನಿ ಅನ್ನುವಷ್ಟರಲ್ಲಿ ಮೈದುನ, “ಅಷ್ಟು ಹೇಳ್ತಾರಲ್ಲ, ತಗೊಳ್ರಿ ಅತ್ತಿಗೆ. ಬಸ್ ಹೋಗ್ತತೆ,” ಅಂದು ಮೊಬೈಲ್ ತೆಗೆದು ದುಡ್ಡು ಕಳಿಸಿಯೇಬಿಟ್ಟ. ಅದು ನಾನು ಮೊದಲೇ ಅವನ ಖಾತೆಗೆ ಹಾಕಿಸಿದ್ದ ನನ್ನ ದುಡಿಮೆಯ ದುಡ್ಡು. ಬಿಲ್ಲು ಅವನ ಹೆಸರಿಗೆ ಬಂತು. ಯಾರ ಹೆಸರಿಗೆ ಅಂತ ನನ್ನನ್ನು ಯಾರೂ ಕೇಳಲಿಲ್ಲ.

ಮನೆಗೆ ಬಂದು ಬಾಡಿಯ ಮುಚ್ಚಳ ತೆಗೆದೆ. ಲೆನ್ಸ್ ಕೂರುವ ಉಂಗುರದ ಅಂಚಿನಲ್ಲಿ ಸ್ಕ್ರೂ ತಲೆಯಂಥ ಸಣ್ಣದೊಂದು ಮೊನೆ ಇರಬೇಕು, ಮೋಟರ್ ಲೆನ್ಸನ್ನು ತಿರುಗಿಸುವುದು ಅದರಿಂದಲೇ. ಅದು ಇರಲಿಲ್ಲ. ಬೆರಳಾಡಿಸಿ ನೋಡಿದೆ, ನುಣ್ಣಗಿತ್ತು. ಬ್ಯಾಟರಿ ತುಂಬಿದ ಮೇಲೂ ಹಾಕಿ ನೋಡಿದೆ. ಗುಂಡಿ ಒತ್ತಿದರೆ ಲೆನ್ಸ್ ಅಲುಗಾಡಲಿಲ್ಲ.

ಮಾರನೆಯ ಬೆಳಿಗ್ಗೆ ಜಗಳೂರು ಕಡೆ ಬಿಳಿಚೋಡಿನಲ್ಲಿ ಕುಬಸವಿತ್ತು. ವಾಪಸ್ ಕೊಡಲು ಹೊತ್ತಿಲ್ಲ. ಮೊದಲ ಬಸ್ಸಿಗೆ ಅದನ್ನೇ ತೆಗೆದುಕೊಂಡು ಹೋದೆ.

ಹುಡುಗಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ ಹಸೆಯ ಮೇಲೆ ಕೂರಿಸಿದ್ದರು. ಒಳಮನೆಯಲ್ಲಿ ಬೆಳಕು ಕಡಿಮೆ. ನಾನು ಲೆನ್ಸಿನ ಉಂಗುರವನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ಫೋಕಸ್ ಹುಡುಕುತ್ತಿದ್ದೆ. ಕೂತವರದು ಹೇಗೋ ಸಿಕ್ಕಿತು. ಆದರೆ ಕಾರ್ಯ ಅಂದರೆ ಕೂತಿರುವುದಲ್ಲವಲ್ಲ. ಆರತಿ ಎತ್ತುವಾಗ ಹುಡುಗಿಯ ಅವ್ವನ ಕಣ್ಣಲ್ಲಿ ನೀರು ಬಂತು. ಹುಡುಗಿ ಕೈಚಾಚಿ ಒರೆಸಿದಳು. ಅದಕ್ಕಿಂತ ಒಳ್ಳೆಯ ಫೋಟೋ ಆ ದಿನ ಇನ್ನೊಂದಿರಲಿಲ್ಲ. ನಾನು ತಿರುಗಿಸಿ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು. ಸಿಕ್ಕಿದ್ದು ಹಿಂದಿನ ಗೋಡೆ, ಸ್ಪಷ್ಟವಾಗಿ. ಮುಂದೆ ಇಬ್ಬರು ಮಂಜುಮಂಜಾಗಿ.

ಫೋಟೋ ಕೊಡಲು ಹೋದಾಗ ಬೈಯುತ್ತಾರೆ ಅಂತ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಬೈಯಲಿಲ್ಲ. ಹುಡುಗಿ ಆಲ್ಬಂನ ಒಂದೊಂದೇ ಪುಟ ನೋಡಿ ಕೆಳಗಿಟ್ಟಳು. ಅವಳ ದೊಡ್ಡಪ್ಪ ಆಲ್ಬಂ ಮಗುಚಿ, “ಇರ್ಲಿ ಬಿಡಮ್ಮ, ಹೆಣ್ಣುಮಗಳು ತೆಗೆದಿದ್ದು. ಇಷ್ಟಾದ್ರೂ ಬಂದಾವಲ್ಲ,” ಅಂದ. ಮಾತು ಮೆತ್ತಗಿತ್ತು. ಊಟ ಮಾಡಿಕೊಂಡೇ ಹೋಗಬೇಕು ಅಂದ. ಎರಡು ತುತ್ತು ಉಂಡು ಎದ್ದೆ. ಚೆನ್ನಾಗಿಲ್ಲ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆಣ್ಣು ತೆಗೆದರೆ ಇಷ್ಟೇ ಬರುವುದು ಅಂತ ತಿಳಿದು, ಅದನ್ನು ಮನ್ನಿಸಿಯೂ ಬಿಟ್ಟಿದ್ದರಲ್ಲ!

ಅಲ್ಲಿಂದ ಮನೆಗೆ ಹೋಗಲಿಲ್ಲ. ಕ್ಯಾಮೆರಾ ಬ್ಯಾಗಿನಲ್ಲಿತ್ತು, ಬದಲಾಯಿಸಿಕೊಳ್ಳಬೇಕು ಅಂತ ಇಟ್ಟುಕೊಂಡಿದ್ದ ಬಿಲ್ಲೂ ಇತ್ತು. ನೆಟ್ಟಗೆ ದಾವಣಗೆರೆ ಬಸ್ಸು ಹತ್ತಿದೆ.

ಸೇಲ್ಸ್‌ನವನು ನನ್ನನ್ನು ನೋಡಿದವನೇ ಒಳಗೆ ಸರಿದ. ಮಾಲೀಕ ಬಂದ. ನಾನು ಬಾಡಿ ತೆಗೆದು, ಲೆನ್ಸ್ ಹಾಕಿ ಅವನ ಕೈಗೆ ಕೊಟ್ಟೆ. “ಒತ್ತಿ ನೋಡ್ರಿ. ಫೋಕಸ್ ಆಗ್ತತಾ ಹೇಳ್ರಿ.”

ಒತ್ತಿದ. ಆಗಲಿಲ್ಲ. “ನಿಮ್ಮ ಲೆನ್ಸ್ ಹಳೇದು ಮೇಡಂ,” ಅಂದ.

“ಹಳೇದು ಅಂತ ನಾನೇ ಹೇಳಿದ್ದೆ. ಮೋಟರ್ ಐತಾ ಅಂತಲೂ ಕೇಳಿದ್ದೆ. ಐತೆ ಅಂತ ಸುಳ್ಳು ಹೇಳಿದ್ದು ನಿಮ್ಮ ಹುಡುಗ.”

ಅವನು ಬಿಲ್ಲು ಇಸಿದುಕೊಂಡು ನೋಡಿದ. ಅವನ ಮುಖದಲ್ಲಿ ಗೆಲುವು ಕಂಡಿತು. “ಇದು ನಿಮ್ಮ ಹೆಸರಿಗಿಲ್ಲ. ತಗೊಂಡೋರು ಬರ್ಲಿ, ಅವ್ರ ಹತ್ರ ಮಾತಾಡ್ತೀನಿ. ಇಲ್ಲಾಂದ್ರೆ ನಿಮ್ಮ ಯಜಮಾನ್ರನ್ನ ಕಳಿಸ್ರಿ.”

ಮೈದುನನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಳ್ಳದೆಯೇ, “ಹೋಗ್ಲಿ ಬಿಡ್ರಿ ಅತ್ತಿಗೆ, ಅದ್ರಾಗೇ ಹೆಂಗೋ ತೆಗೀರಿ. ಅಲ್ಲಿ ಯಾಕೆ ಜಗಳ?” ಅಂದ.

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಕೂತೇ ಹೇಳಿದೆ, “ಸ್ಪೀಕರ್ ಹಾಕೀನಿ. ಕ್ಯಾಮೆರಾ ಯಾರದು ಅಂತ ಇವ್ರಿಗೆ ಹೇಳಪ್ಪ. ಅಷ್ಟು ಹೇಳು. ಇಲ್ಲಾಂದ್ರೆ ಇಲ್ಲಿಂದ ನಾನು ಏಳಲ್ಲ. ಅಂಗಡಿ ಬಾಗಿಲು ಹಾಕಾಕೆ ಬಂದ್ರೆ ನನ್ನನ್ನ ಒಳಗಿಟ್ಟೇ ಹಾಕ್ಲಿ.”

ಅಷ್ಟರಲ್ಲಿ ಗಂಡಹೆಂಡತಿ ಇಬ್ಬರು ಕ್ಯಾಮೆರಾ ನೋಡಲು ಒಳಗೆ ಬಂದರು. ಮಾಲೀಕ ಅವರಿಗೂ ಅದೇ ಹಗುರದ್ದನ್ನು ತೋರಿಸಲು ಹೊರಟ. ನಾನು ಎದ್ದು ಆ ಹೆಂಗಸಿನ ಹತ್ತಿರ ಹೋದೆ. “ನಿಮಗೆ ಏನಕ್ಕೆ ಬೇಕಮ್ಮ? ಕೇಳಿ ತಗೊಳ್ರಿ. ಇಲ್ಲಿ ಹೆಂಗಸರು ಕೇಳಿದ್ದಕ್ಕೆ ಉತ್ತರ ಬರಲ್ಲ,” ಅಂದೆ. ನನ್ನ ದನಿ ರಸ್ತೆಗೆ ಕೇಳಿಸಿರಬೇಕು. ಚಹಾ ಕುಡಿಯುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ಗಂಡಹೆಂಡತಿ ಹೊರಟುಹೋದರು.

ಫೋನಿನಲ್ಲಿ ಮೈದುನ ಇನ್ನೂ ಇದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಕ್ಯಾಮೆರಾ ನಮ್ಮ ಅತ್ತಿಗೇದು. ಅವ್ರು ಹೇಳಿದ್ದು ಕೊಡ್ರಿ,” ಅಂದ. ದನಿ ಸಣ್ಣಗಿತ್ತು.

ಮಾಲೀಕ ಒಳಗಿನಿಂದ ಮಧ್ಯದ ಮಾಡೆಲ್ ತಂದು ಟೇಬಲ್ಲಿನ ಮೇಲೆ ಇಟ್ಟ. ಸ್ಟಾಕಿನಲ್ಲಿ ಮೊದಲಿನಿಂದಲೂ ಇತ್ತು! ಈ ಸಲ ಚಾರ್ಜ್ ಆದ ಬ್ಯಾಟರಿಯೂ ಸಿಕ್ಕಿತು. ಲೆನ್ಸ್ ಹಾಕಿ ಗುಂಡಿ ಒತ್ತಿದೆ. ಕರ್ ಎಂದು ತಿರುಗಿ ನಿಂತಿತು. ಹೆಚ್ಚಿನ ದುಡ್ಡು ಕೊಟ್ಟೆ, ಬಿಲ್ಲಿಗೆ ನನ್ನ ಹೆಸರು ಬರೆಸಿದೆ. ಸೇಲ್ಸ್‌ನವನು ಕೊನೆಯವರೆಗೂ ಹೊರಗೆ ಬರಲಿಲ್ಲ. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ.

ಮನೆಯಲ್ಲಿ ಇದು ನಗೆಯ ವಿಷಯವಾಯಿತು. “ಅತ್ತಿಗೆ ಅಂಗಡಿಯಾಗೆ ಧರಣಿ ಕೂತಿದ್ರು,” ಅಂತ ಮೈದುನ ಊಟಕ್ಕೆ ಕೂತಾಗ ಹೇಳಿದ. ನಮ್ಮ ಮನೆಯವರೂ ನಕ್ಕರು. ನಾನು ಸಾರಿನ ಪಾತ್ರೆ ಕೆಳಗಿಟ್ಟು, “ನಗಬ್ಯಾಡ್ರಿ. ನಿಮಗೆ ಕೊಳೆತ ಅಡಿಕೆ ತಂದು ಒಳ್ಳೇದು ಅಂತ ಕೊಟ್ಟಿದ್ರೆ ನೀವು ನಗ್ತಿದ್ರಾ?” ಅಂದೆ. ಇಬ್ಬರೂ ತಲೆ ತಗ್ಗಿಸಿ ಉಂಡರು. ಬಡಿಸುವುದನ್ನು ನಾನು ಮುಂದುವರಿಸಲಿಲ್ಲ. ಅವರೇ ಬಡಿಸಿಕೊಂಡರು.

ಬಿಳಿಚೋಡಿನ ಹುಡುಗಿಗೆ ಹೆಣ್ಣುಮಗು ಆಯಿತು. ತೊಟ್ಟಿಲು ಕಾರ್ಯಕ್ಕೆ ಕರೆದರು. ದುಡ್ಡು ಬೇಡ ಅಂತ ಮೊದಲೇ ಹೇಳಿ ಹೋದೆ. ಈ ಸಲ ಮಗು ಆಕಳಿಸಿದ್ದು, ಅಜ್ಜಿ ಕಿವಿಯಲ್ಲಿ ಹೆಸರು ಉಸುರಿದ್ದು, ಎಲ್ಲ ಸಿಕ್ಕಿತು. ಫೋಟೋ ಕೊಡಲು ಹೋದಾಗ ಹುಡುಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಿಧಾನವಾಗಿ ನೋಡಿದಳು. ಆಮೇಲೆ ಒಳಗಿನಿಂದ ಕುಬಸದ ಆಲ್ಬಂ ತರಿಸಿ, ಮಂಜಾದ ಆ ಪುಟ ತೆಗೆದು ನನ್ನ ಮುಂದೆ ಹಿಡಿದಳು.

“ಇಷ್ಟು ಚಲೋ ತೆಗೆಯಾಕೆ ಬರ್ತತಲ್ಲಕ್ಕ ನಿಮಗೆ. ಅವತ್ತು ಯಾಕೆ ಹಿಂಗ್ ಮಾಡಿದ್ರಿ? ನಮ್ಮವ್ವಂದು ನಂದು ಇದೊಂದೇ ಇತ್ತು.” ಅವಳ ಕಣ್ಣಲ್ಲಿ ಸಿಟ್ಟಿತ್ತು.

ನನಗೆ ಆ ಸಿಟ್ಟು ಹಿತವೆನಿಸಿತು. ಅಂಗಡಿಯ ಕಥೆಯನ್ನು ಮೊದಲಿನಿಂದ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು. “ಆ ಸೇಲ್ಸ್‌ನೋನಿಗೆ ಬಾಯಿಗೆ ಬಂದಂಗೆ ಬೈದ್ರಾ ಇಲ್ವಾ?” ಅಂದಳು.

“ಒಳಗೆ ಅಡಗಿ ಕೂತಿದ್ದ. ಸಿಗಲಿಲ್ಲ,” ಅಂದೆ.

“ಥೂ,” ಅಂದಳು ಅವಳು. ಆಮೇಲೆ ಅವರವ್ವನನ್ನು ಕೂಗಿ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, “ಈಗ ತೆಗೀರಿ,” ಅಂತ ಸೆರಗು ಸರಿಮಾಡಿಕೊಂಡಳು.