ಇಬ್ಬರ ಟೆಂಟು

ಹೆಂಡತಿ ತೀರಿಕೊಂಡ ಮೇಲೆ ಅಟ್ಟದ ಮೇಲಿದ್ದ, ಬೆಟ್ಟ ಹತ್ತಲು ಒಯ್ಯುತ್ತಿದ್ದ ಸಾಮಾನನ್ನು ನಾನು ಮುಟ್ಟಿರಲಿಲ್ಲ. ಈ ಬೇಸಿಗೆಯಲ್ಲಿ ಅಟ್ಟಕ್ಕೆ ಗೆದ್ದಲು ಹತ್ತಿ, ಎಲ್ಲವನ್ನೂ ಇಳಿಸಲೇಬೇಕಾಯಿತು. ಅವಳ ಬೂಟನ್ನು ಕೈಗೆತ್ತಿಕೊಂಡರೆ ಅಟ್ಟೆ ಪುಡಿಪುಡಿಯಾಗಿ ಉದುರಿತು. ಮಲಗುವ ಚೀಲಗಳನ್ನು ಇಲಿ ಕಡಿದಿತ್ತು. ಟೆಂಟು ಮಾತ್ರ ಚೆನ್ನಾಗಿತ್ತು.

ನಾವಿಬ್ಬರೂ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿದ್ದೆವು. ಮಕ್ಕಳಿರಲಿಲ್ಲ. ರಜೆ ಸಿಕ್ಕಿದರೆ ಕಂಪನಿಯ ಗೆಳೆಯರ ಜೊತೆ ತೊಂಡಾಮುತ್ತೂರಿನ ಕಡೆಯ ಬೆಟ್ಟಗಳಿಗೆ ಹೊರಡುತ್ತಿದ್ದೆವು. ಹಗಲೆಲ್ಲ ಅವರೊಡನೆ ತಮಿಳು. ಟೆಂಟಿನ ಜಿಪ್ ಎಳೆದ ಮೇಲೆ ನಮ್ಮಿಬ್ಬರ ಕನ್ನಡ. ಆವತ್ತು ಯಾರು ಹೇಗೆ ಏದುಸಿರು ಬಿಟ್ಟರು ಅಂತ ಅವಳು ಅಣಕಿಸಿ ತೋರಿಸುತ್ತಿದ್ದಳು. ಪಕ್ಕದ ಟೆಂಟಿಗೆ ನಗು ಕೇಳಿಸದಿರಲಿ ಅಂತ ನಾನು ಟವೆಲ್ಲು ಕಚ್ಚಿಕೊಳ್ಳುತ್ತಿದ್ದೆ.

ಟೆಂಟನ್ನು ಬೇಕಾದವರಿಗೆ ಕೊಟ್ಟುಬಿಡುತ್ತೇನೆಂದು ಕಂಪನಿಯಲ್ಲಿ ಹೇಳಿದ್ದಕ್ಕೆ, ಹೊಸದಾಗಿ ಮದುವೆಯಾದ ಜೋಡಿಯೊಂದು ಭಾನುವಾರ ಮನೆಗೆ ಬಂತು.

"ಹೇಗೆ ಕಟ್ಟೋದು ಅಂತ ತೋರಿಸ್ತೀರಾ?" ಎಂದು ಹುಡುಗಿ ತಮಿಳಲ್ಲಿ ಕೇಳಿದಳು.

ತಾರಸಿಗೆ ಹೋದೆವು. ಕೋಲು ಬಗ್ಗಿಸುವಾಗ ಇನ್ನೊಂದು ತುದಿಯನ್ನು ಯಾರಾದರೂ ಹಿಡಿಯಬೇಕು. ಹುಡುಗಿ ಬಂದು ಹಿಡಿದಳು. ಕೋಲು ಜಾರತೊಡಗಿತು.

"ಬಿಡಬೇಡ ಕಣೇ, ಗಟ್ಟಿಯಾಗಿ ಹಿಡ್ಕೊ!" ಎಂದುಬಿಟ್ಟೆ.

"ಎನ್ನಂಗ?" ಎಂದು ಅವಳು ನನ್ನ ಮುಖ ನೋಡಿದಳು.

ಕನ್ನಡದಲ್ಲಿ ಹೇಳಿದ್ದೆನೆಂದು ಆಗ ಹೊಳೆಯಿತು. ಕೆಮ್ಮಿದ ಹಾಗೆ ಮಾಡಿ ಅದನ್ನೇ ತಮಿಳಲ್ಲಿ ಹೇಳಿದೆ. ಟೆಂಟು ನಿಂತಿತು. ಇಬ್ಬರೂ ಒಳಗೆ ನುಗ್ಗಿ, ಮಕ್ಕಳ ಹಾಗೆ ಕಿಸಕ್ಕನೆ ನಕ್ಕರು. ನಾನು ಹೊರಗೆ ಬಿಸಿಲಲ್ಲಿ ನಿಂತಿದ್ದೆ.

"ನೀವೂ ಒಂದ್ಸಲ ನಮ್ಮ ಜೊತೆ ಬನ್ನಿ," ಎಂದ ಹುಡುಗ ಹೊರಡುವಾಗ. ಮಂಡಿನೋವು ಎಂದೆ. ನೋವು ಅಷ್ಟೇನೂ ಇರಲಿಲ್ಲ.

ಟೆಂಟು ಹೇರಿಕೊಂಡ ಅವರ ಬೈಕು ತಿರುವು ದಾಟಿದ ಮೇಲೆ ಮನೆಯೊಳಗೆ ಹೋಗಲು ಮನಸ್ಸಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಕುನ್ನತ್ತೂರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಹಬ್ಬ ಹರಿದಿನ ಬಿಟ್ಟರೆ ನಾವು ಮಾತಾಡುವುದು ಕಡಿಮೆ.

"ಏನೋ, ಹುಷಾರಿಲ್ವಾ?" ಎಂದಳು ಗಾಬರಿಯಲ್ಲಿ.

"ಹುಷಾರಾಗೇ ಇದ್ದೀನಕ್ಕ. ಸುಮ್ನೆ ಮಾತಾಡೋಣ ಅಂತ."

"ನನ್ನ ಹತ್ರ ಏನಿದೆ ಮಾತು? ಕರಿ ಆಡು ಮರಿ ಹಾಕಿದೆ, ಹಾಲು ಕುಡಿಸ್ತಿಲ್ಲ, ಒದೆಯುತ್ತೆ."

"ಹೇಳು," ಎಂದೆ.

ಅವಳು ಆಡಿನ ಮೇಲೆ ರೇಗುತ್ತಾ ನಮ್ಮ ಮನೆಯ ಕನ್ನಡದಲ್ಲಿ ಹೇಳುತ್ತಲೇ ಹೋದಳು. ನಾನು ಫೋನನ್ನು ಕಿವಿಗೊತ್ತಿಕೊಂಡು ಹೂಂ, ಹೂಂ ಎನ್ನುತ್ತಿದ್ದೆ.